ಬೆಟ್ಟ ಕಡಲಿಗೆ ಒತ್ತಿ ನಿಂತ ಅಜಾರಾ

ಸೆಪ್ಟೆಂಬರ್ ಮೊದಲ ವಾರದಲ್ಲಿ ಜಾರ್ಜಿಯಾದ ಸಖಲ್ವಾಶೊ ಎಂಬ ಹಳ್ಳಿಯ ಗುಡ್ಡದ ಮೇಲೆ ಬೆಳಗಿನಿಂದಲೇ ಜನ ಸೇರಿರುತ್ತಾರೆ. ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ಒತ್ತಿದಾಗಲೆಲ್ಲ ಒಂದೊಂದು ಅಂಕಿ ಏರುವ ಪುಟ್ಟ ಯಂತ್ರ. ಬಿಸಿಲೇರಿ ನೆಲ ಕಾಯತೊಡಗಿದಂತೆ ಉತ್ತರ ದಿಕ್ಕಿನಿಂದ ಚುಕ್ಕಿಗಳು ಕಾಣಿಸಿಕೊಳ್ಳುತ್ತವೆ. ಹತ್ತಿರ ಬಂದಾಗ ಅವು ಜೇನುಗಿಡುಗಗಳು. ರೆಕ್ಕೆ ಬಡಿಯದೆ, ಬಿಸಿಗಾಳಿಯ ಕಂಬವೊಂದನ್ನು ಹಿಡಿದು ಸುತ್ತುತ್ತ ಮೇಲೇರಿ, ತುದಿ ಮುಟ್ಟಿದ ಮೇಲೆ ದಕ್ಷಿಣಕ್ಕೆ ಜಾರಿಬಿಡುತ್ತವೆ. ಅವುಗಳ ಹಿಂದೆ ಇನ್ನೊಂದು ಗುಂಪು, ಅದರ ಹಿಂದೆ ಮತ್ತೊಂದು. ಒಂದೇ ದಿನ ಲಕ್ಷ ಮೀರಿದ ಎಣಿಕೆಯೂ ಇಲ್ಲಿ ದಾಖಲಾಗಿದೆ.

2008ರಿಂದ ಪ್ರತಿ ಶರತ್ಕಾಲದಲ್ಲೂ ಇಲ್ಲಿ ಬೇಟೆಹಕ್ಕಿಗಳ ಎಣಿಕೆ ನಡೆಯುತ್ತಿದೆ. ಋತು ಮುಗಿಯುವ ಹೊತ್ತಿಗೆ ಹದ್ದು, ಗಿಡುಗ, ಡೇಗೆಗಳ ಒಟ್ಟು ಸಂಖ್ಯೆ ಹತ್ತು ಲಕ್ಷ ದಾಟುತ್ತದೆ. ಯುರೋಪಿನ ಪೂರ್ವಭಾಗದಿಂದ, ರಷ್ಯಾದ ಕಾಡುಗಳಿಂದ ಹೊರಟು ಆಫ್ರಿಕಾ ಸೇರಬೇಕಾದ ಇಷ್ಟೊಂದು ಹಕ್ಕಿಗಳು ಈ ಕಿರಿದಾದ ಜಾಗಕ್ಕೇ ಏಕೆ ಬರಬೇಕು? ದೊಡ್ಡ ರೆಕ್ಕೆಯ ಹಕ್ಕಿಗಳಿಗೆ ನೀರಿನ ಮೇಲೆ ಬಿಸಿಗಾಳಿಯ ಆಸರೆ ಸಿಗುವುದಿಲ್ಲ, ಹಾಗಾಗಿ ಅವು ಕಪ್ಪು ಸಮುದ್ರವನ್ನು ಆದಷ್ಟು ಬಳಸಿ ಹೋಗುತ್ತವೆ. ಪೂರ್ವಕ್ಕೆ ಸರಿಯೋಣವೆಂದರೆ ಮೋಡ ಕವಿದ ಎತ್ತರದ ಬೆಟ್ಟಗಳು. ಕಡಲಿಗೂ ಬೆಟ್ಟಕ್ಕೂ ನಡುವೆ ಉಳಿಯುವುದು ಕೆಲವೇ ಕಿಲೋಮೀಟರ್ ಅಗಲದ ಓಣಿ. ಆ ಓಣಿಯೇ ಅಜಾರಾ.

ಅಜಾರಾವನ್ನು ಅರಿಯಲು ಈ ಓಣಿಯೇ ಕೀಲಿಕೈ. ಜಾರ್ಜಿಯಾದ ನೈಋತ್ಯ ಮೂಲೆಯಲ್ಲಿ, ಟರ್ಕಿಯ ಗಡಿಗೆ ಅಂಟಿಕೊಂಡಿರುವ ಈ ಸ್ವಾಯತ್ತ ಗಣರಾಜ್ಯದ ವಿಸ್ತೀರ್ಣ ಸುಮಾರು 2,900 ಚದರ ಕಿಲೋಮೀಟರ್. ರಾಜಧಾನಿ ಬಟುಮಿ. ರೋಮನ್ ಸೈನಿಕರು, ಪರ್ಷಿಯನ್ನರು, ಆಟೊಮನ್ ತುರ್ಕರು, ರಷ್ಯದ ಚಕ್ರವರ್ತಿಗಳು, ಬಾಕುವಿನ ಎಣ್ಣೆ, ಚೀನಾದ ಚಹಾ, ಎಲ್ಲವೂ ಹಕ್ಕಿಗಳ ಹಾಗೆ ಇದೇ ಓಣಿಯಲ್ಲಿ ಹಾದುಹೋಗಿವೆ. ಹಾದುಹೋದದ್ದರಲ್ಲಿ ಒಂದಷ್ಟು ಇಲ್ಲೇ ಉಳಿದುಕೊಂಡಿದೆ. ಬೇಸಿಗೆಯಲ್ಲಿ ಬಟುಮಿಗೆ ಬರುವ ಬಹುಪಾಲು ಪ್ರವಾಸಿಗರು ಉರುಟು ಕಲ್ಲಿನ ಕಡಲತೀರದಲ್ಲಿ ಮೈಚಾಚಿ, ಸಂಜೆ ಗಾಜಿನ ಗೋಪುರಗಳ ದೀಪ ನೋಡಿ ಮರಳುತ್ತಾರೆ. ಅವರು ಒಮ್ಮೆ ಕಡಲಿಗೆ ಬೆನ್ನು ಮಾಡಿ ಬೆಟ್ಟದ ಕಡೆ ತಿರುಗಿದರೆ ಸಾಕು, ಬೇರೆಯದೇ ನಾಡು ಎದುರಾಗುತ್ತದೆ.

ಮೊದಲು ಮಳೆಯ ಮಾತು. ಕಪ್ಪು ಸಮುದ್ರದ ತೇವ ಹೊತ್ತ ಪಡುವಣ ಗಾಳಿ ನೇರವಾಗಿ ಬಂದು ಇಲ್ಲಿನ ಬೆಟ್ಟಸಾಲಿಗೆ ಡಿಕ್ಕಿ ಹೊಡೆಯುತ್ತದೆ. ಬಟುಮಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ನಗರದ ಬೆನ್ನಿಗೇ ಇರುವ ಮ್ತಿರಾಲಾ ಬೆಟ್ಟದಲ್ಲಿ 4,000 ಮಿಲಿಮೀಟರಿಗೂ ಹೆಚ್ಚು. ಪಶ್ಚಿಮ ಘಟ್ಟದ ಮಳೆ ಕಂಡವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಅರಬ್ಬಿ ಸಮುದ್ರ, ಘಟ್ಟ, ಆಗುಂಬೆ ಸೇರಿ ಆಡುವ ಆಟವನ್ನೇ ಇಲ್ಲಿ ಬೇರೊಂದು ಕಡಲು, ಬೇರೊಂದು ಬೆಟ್ಟ ಆಡುತ್ತವೆ. ವ್ಯತ್ಯಾಸವೆಂದರೆ ಆಗುಂಬೆಯ ಮಳೆ ಬಹುತೇಕ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಇಲ್ಲಿ ವರ್ಷವಿಡೀ ಹಂಚಿ ಬೀಳುತ್ತದೆ, ಶರತ್ಕಾಲದಲ್ಲಿ ಇನ್ನಷ್ಟು ಜೋರಾಗುತ್ತದೆ.

ಆ ನಿರಂತರ ತೇವದ ಕೊಡುಗೆ ಇಲ್ಲಿನ ಕಾಡು. ಹಿಮಯುಗಗಳಲ್ಲಿ ಯುರೋಪಿನ ದೊಡ್ಡ ಭಾಗ ಹಿಮದಡಿ ಹೋದಾಗಲೂ ಕಡಲ ಪಕ್ಕದ ಈ ಬೆಚ್ಚಗಿನ ಮೂಲೆಯಲ್ಲಿ ಹಳೆಯ ಕಾಲದ ಗಿಡಮರಗಳು ಬದುಕಿಕೊಂಡವು. ಕಾಡುಚೆಸ್ಟ್‌ನಟ್, ಬೀಚ್ ಮರಗಳ ಕೆಳಗೆ ನಿತ್ಯಹಸಿರಿನ ರೋಡೊಡೆಂಡ್ರಾನ್ ಪೊದೆ ಎಷ್ಟು ದಟ್ಟವಾಗಿ ಹೆಣೆದುಕೊಂಡಿದೆಯೆಂದರೆ, ದಾರಿ ಬಿಟ್ಟು ನಾಲ್ಕು ಹೆಜ್ಜೆ ನುಗ್ಗುವುದೂ ಕಷ್ಟ. ಕೊಬುಲೆಟಿ ಪಟ್ಟಣದ ಹಿಂದಿರುವ ಇಸ್ಪಾನಿ ಜೌಗಿನದು ಇನ್ನೊಂದು ಬಗೆ. ನೆಲವೆಂದು ಕಾಣುವುದೆಲ್ಲ ನೀರು ಹೀರಿ ಉಬ್ಬಿದ ಪಾಚಿಯ ಹಾಸು. ಮಳೆ ಬಂದರೆ ಸ್ಪಂಜಿನಂತೆ ಏರುತ್ತದೆ, ಒಣಗಿದರೆ ತಗ್ಗುತ್ತದೆ. ಇವೆರಡನ್ನೂ ಒಳಗೊಂಡ ‘ಕೋಲ್ಕಿಸ್ ಮಳೆಕಾಡು ಮತ್ತು ಜೌಗುಭೂಮಿ’ಯನ್ನು ಯುನೆಸ್ಕೊ 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸುವ ಹೊತ್ತಿಗೆ ಈ ಕಾಡುಗಳ ಒಂದು ಜಾತಿಯ ಮರ ಸಾಯುತ್ತಿತ್ತು. ಗಟ್ಟಿ ಚೌಬೀನೆಗೆ ಹೆಸರಾದ ಬಾಕ್ಸ್‌ವುಡ್ ಮರಕ್ಕೆ ಮೊದಲು ಶಿಲೀಂಧ್ರ ರೋಗ ತಗುಲಿತು, ಬೆನ್ನಿಗೇ ಪೂರ್ವ ಏಷ್ಯಾದಿಂದ ಬಂದ ಒಂದು ಪತಂಗದ ಹುಳುಗಳು ಎಲೆಯನ್ನೆಲ್ಲ ಬೋಳಿಸಿದವು. ಕಣಿವೆಗಳಲ್ಲಿ ನಿಂತಲ್ಲೇ ಒಣಗಿದ ಆ ಮರಗಳನ್ನು ಕಂಡಾಗ ಎದೆ ಭಾರವಾಗುತ್ತದೆ.

ಗ್ರೀಕರ ಕಲ್ಪನೆಯಲ್ಲಿ ಈ ತೀರ ಲೋಕದ ಅಂಚು. ಜೇಸನ್ ಎಂಬ ವೀರ ಆರ್ಗೊ ಹಡಗೇರಿ ಚಿನ್ನದ ತುಪ್ಪಳ ತರಲು ಬಂದ ಕೋಲ್ಕಿಸ್ ರಾಜ್ಯ ಇದೇ ಕರಾವಳಿಯಲ್ಲಿತ್ತು. ಅವನ ಜೊತೆ ಓಡಿಹೋದ ರಾಜಕುಮಾರಿ ಮೆಡಿಯಾಳ ಪ್ರತಿಮೆ ಇಂದು ಬಟುಮಿಯ ಚೌಕದಲ್ಲಿ ತುಪ್ಪಳವನ್ನು ಎತ್ತಿ ಹಿಡಿದು ನಿಂತಿದೆ. ಕಥೆಗೆ ನೆಲದ ಆಸರೆಯೂ ಇದೆ. ಇಲ್ಲಿನ ಬೆಟ್ಟದ ಜನ ಹೊಳೆಗಳಲ್ಲಿ ಕುರಿದೊಗಲು ಹಾಸಿ, ಉಣ್ಣೆಗೆ ಸಿಕ್ಕಿಕೊಂಡ ಚಿನ್ನದ ಕಣಗಳನ್ನು ಸಂಗ್ರಹಿಸುತ್ತಿದ್ದರೆಂದೂ ಕಥೆ ಹುಟ್ಟಿದ್ದು ಅಲ್ಲಿಂದಲೇ ಇರಬಹುದೆಂದೂ ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಕೊಬುಲೆಟಿ ಬಳಿಯ ಪಿಚ್ವನಾರಿಯಲ್ಲಿ ಅಗೆದಾಗ ಕ್ರಿಸ್ತಪೂರ್ವ 5ನೇ ಶತಮಾನದ ಎರಡು ಸ್ಮಶಾನಗಳು ಅಕ್ಕಪಕ್ಕದಲ್ಲೇ ಸಿಕ್ಕವು. ಒಂದು ಗ್ರೀಕರದು, ಇನ್ನೊಂದು ಸ್ಥಳೀಯ ಕೋಲ್ಕಿಸ್ ಜನರದು.

ಬಟುಮಿಯಿಂದ ದಕ್ಷಿಣಕ್ಕೆ ಚೊರೊಖಿ ನದಿ ದಾಟಿದರೆ ಗೋನಿಯೊ ಕೋಟೆ. ಸುಮಾರು 195 ಮೀಟರ್ ಅಗಲ, 245 ಮೀಟರ್ ಉದ್ದದ ಚೌಕಟ್ಟು, ನಾಲ್ಕೂ ಕಡೆ ಕಲ್ಲಿನ ಗೋಡೆ, ಅಲ್ಲಲ್ಲಿ ಬುರುಜು. ಒಳಗೆ ಕಾಲಿಟ್ಟರೆ ಹುಲ್ಲು, ಹಣ್ಣಿನ ಗಿಡ, ಅಗೆದು ತೆರೆದಿಟ್ಟ ತಳಪಾಯಗಳು. ರೋಮನ್ನರ ಕಾಲದಲ್ಲಿ ಇದರ ಹೆಸರು ಅಪ್ಸಾರೋಸ್. ಸುಮಾರು ಕ್ರಿಸ್ತಶಕ 131ರಲ್ಲಿ ಕಪಡೋಕಿಯಾ ಪ್ರಾಂತದ ಗವರ್ನರ್ ಆರಿಯನ್ ಈ ತೀರದ ತಪಾಸಣೆಗೆ ಬಂದಿದ್ದ. ಅಲೆಕ್ಸಾಂಡರನ ಚರಿತ್ರೆ ಬರೆದವನೂ ಅವನೇ. ಚಕ್ರವರ್ತಿ ಹೇಡ್ರಿಯನ್‌ಗೆ ಕಳಿಸಿದ ವರದಿಯಲ್ಲಿ ಅಪ್ಸಾರೋಸಿನಲ್ಲಿ ಐದು ತುಕಡಿಗಳಿದ್ದವೆಂದೂ, ತಾನು ಸೈನಿಕರಿಗೆ ಸಂಬಳ ಕೊಟ್ಟು, ಆಯುಧ, ಗೋಡೆ, ಕಂದಕ, ಕಾಯಿಲೆ ಬಿದ್ದವರು, ದವಸದ ದಾಸ್ತಾನು ಎಲ್ಲವನ್ನೂ ನೋಡಿದೆನೆಂದೂ ತಿಳಿಸಿದ್ದಾನೆ. ಮಳೆ, ಜೌಗು, ಜ್ವರದ ನಡುವೆ ಸಾಮ್ರಾಜ್ಯದ ಕೊನೆಯ ತುದಿಯಲ್ಲಿ ಕಾವಲು ನಿಂತವರ ದಿನಚರಿ ಆ ಒಣ ಆಡಳಿತ ಪತ್ರದಲ್ಲಿ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಮೆಡಿಯಾಳ ತಮ್ಮ ಅಪ್ಸಿರ್ಟಸ್ ಸತ್ತದ್ದು ಇಲ್ಲೇ ಎಂದು ಜನ ಅವನಿಗೊಂದು ಗೋರಿಯನ್ನೂ ತೋರಿಸುತ್ತಿದ್ದರಂತೆ. ಕ್ರೈಸ್ತ ಪರಂಪರೆಯಂತೆ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಯೂದನ ಜಾಗಕ್ಕೆ ಆರಿಸಿ ಬಂದ ಮತ್ತೀಯನ ಸಮಾಧಿಯೂ ಇದೇ ಗೋಡೆಗಳ ಒಳಗಿದೆ. ಪೋಲೆಂಡ್ ಮತ್ತು ಜಾರ್ಜಿಯಾದ ಪುರಾತತ್ತ್ವಜ್ಞರು ಒಟ್ಟಾಗಿ ಇಲ್ಲಿ ರೋಮನ್ ಸ್ನಾನಗೃಹವನ್ನೂ ಅದರ ಮೊಸಾಯಿಕ್ ನೆಲವನ್ನೂ ಅಗೆದು ತೆಗೆದಿದ್ದಾರೆ.

ಉತ್ತರಕ್ಕೆ, ತ್ಸಿಖಿಸ್‌ಜಿರಿಯ ಕಡಲಬಂಡೆಯ ಮೇಲೆ ಪೆಟ್ರಾ ಕೋಟೆಯ ಅವಶೇಷಗಳಿವೆ. ಬೈಜಾಂಟಿಯಂನ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಈ ಕೋಟೆಗಾಗಿ ಬೈಜಾಂಟಿಯಂ ಮತ್ತು ಪರ್ಷಿಯಾ 6ನೇ ಶತಮಾನದಲ್ಲಿ ವರ್ಷಗಟ್ಟಲೆ ಬಡಿದಾಡಿದವು. 541ರಲ್ಲಿ ಪರ್ಷಿಯದ ದೊರೆ ಖುಸ್ರೋ ಕೋಟೆ ಹಿಡಿದ. 551ರಲ್ಲಿ 70 ದಾಟಿದ ದಂಡನಾಯಕ ಬೆಸ್ಸಾಸ್ ಅದಕ್ಕೆ ಮುತ್ತಿಗೆ ಹಾಕಿ, ಒಳಗಿನವರು ನೀರಿಲ್ಲದೆ ಸೋಲಲೆಂದು ಕೊಳವೆಯನ್ನು ಕಡಿಸಿದ. ಒಳಗೆ ನೀರು ನಿಲ್ಲಲೇ ಇಲ್ಲ. ಪರ್ಷಿಯನ್ನರು ಒಂದರ ಕೆಳಗೊಂದರಂತೆ ಮೂರು ಕೊಳವೆ ಹೂಳಿದ್ದರು. ಮೇಲಿನವು ಸಿಕ್ಕರೂ ಮೂರನೆಯದು ಹರಿಯುತ್ತಲೇ ಇತ್ತು ಎಂದು ಇತಿಹಾಸಕಾರ ಪ್ರೊಕೋಪಿಯಸ್ ವಿವರಿಸಿದ್ದಾನೆ. ಕೊನೆಗೆ ಗೆದ್ದ ಬೆಸ್ಸಾಸ್, ಮತ್ತೆ ಶತ್ರುವಿನ ಕೈ ಸೇರದಿರಲೆಂದು ಕೋಟೆಯ ಗೋಡೆಯನ್ನೇ ಕೆಡವಿಸಿದ.

ಮುಂದಿನ ಶತಮಾನಗಳನ್ನು ಬೇಗ ದಾಟಬಹುದು. ಆಟೊಮನ್ನರು ಬಂದರು, ಬೆಟ್ಟದ ಜನ ಕ್ರಮೇಣ ಇಸ್ಲಾಂ ಒಪ್ಪಿಕೊಂಡರು, ಮಾತು ಮಾತ್ರ ಜಾರ್ಜಿಯನ್ ಆಗಿಯೇ ಉಳಿಯಿತು. 1878ರಲ್ಲಿ ತುರ್ಕರನ್ನು ಸೋಲಿಸಿದ ರಷ್ಯಾಕ್ಕೆ ಬರ್ಲಿನ್ ಒಪ್ಪಂದದಲ್ಲಿ ಬಟುಮಿ ಸಿಕ್ಕಿತು. ಸಾವಿರಾರು ಮುಸ್ಲಿಂ ಕುಟುಂಬಗಳು ಮನೆಮಾರು ಬಿಟ್ಟು ಆಟೊಮನ್ ನೆಲಕ್ಕೆ ವಲಸೆ ಹೋದವು. ಬಟುಮಿ ಸುಂಕವಿಲ್ಲದ ಬಂದರಾಗಿರಬೇಕೆಂಬ ಷರತ್ತನ್ನು ರಷ್ಯಾ ಎಂಟೇ ವರ್ಷ ಪಾಲಿಸಿತು. ಅಷ್ಟರಲ್ಲಿ ಈ ಸಣ್ಣ ಬಂದರಿನ ಹಣೆಬರಹ ಬರೆಯುವ ವಸ್ತು ಬಂದಾಗಿತ್ತು.

ಕ್ಯಾಸ್ಪಿಯನ್ ತೀರದ ಬಾಕುವಿನಲ್ಲಿ ಎಣ್ಣೆ ಉಕ್ಕುತ್ತಿತ್ತು. ಆದರೆ ಕ್ಯಾಸ್ಪಿಯನ್ ಮುಚ್ಚಿದ ಕಡಲು. ಅಲ್ಲಿಂದ ಹಡಗು ಹೊರಲೋಕಕ್ಕೆ ಬರಲಾರದು. 1883ರಲ್ಲಿ ಬಾಕುವಿನಿಂದ ಬಟುಮಿಗೆ ರೈಲುಮಾರ್ಗ ಪೂರ್ಣಗೊಂಡದ್ದೇ ತಡ, ನೊಬೆಲ್ ಸಹೋದರರು, ಪ್ಯಾರಿಸ್ಸಿನ ರಾಥ್‌ಚೈಲ್ಡ್ ಮನೆತನ, ಅರ್ಮೇನಿಯನ್ ವ್ಯಾಪಾರಿಗಳು ಇಲ್ಲಿ ಬೀಡುಬಿಟ್ಟರು. ಸೀಮೆಎಣ್ಣೆ ತುಂಬುವ ತಗಡಿನ ಡಬ್ಬ, ಡಬ್ಬ ಜೋಡಿಸುವ ಮರದ ಪೆಟ್ಟಿಗೆ ಮಾಡುವ ಕಾರ್ಖಾನೆಗಳು ಎದ್ದವು. ಜಗತ್ತಿನ ಮೂಲೆಮೂಲೆಗೆ ಹೋಗುತ್ತಿದ್ದ ಆ ಡಬ್ಬಗಳಿಗೆ ಭಾರತ ದೊಡ್ಡ ಮಾರುಕಟ್ಟೆಯಾಗಿತ್ತು. ಅಮೆರಿಕದ ಎಣ್ಣೆಗೆ ಎದುರಾಗಿ ನಿಂತ ಈ ರಷ್ಯನ್ ಸೀಮೆಎಣ್ಣೆ ನಮ್ಮ ದೇಶದ ಬುಡ್ಡಿದೀಪಗಳಲ್ಲೂ ಉರಿದಿದೆ.

1892ರಲ್ಲಿ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ಹೊಸ ದಾರಿ ಹಿಡಿದ. ಡಬ್ಬಗಳ ತಾಪತ್ರಯವೇ ಬೇಡ, ಇಡೀ ಹಡಗನ್ನೇ ತೊಟ್ಟಿ ಮಾಡಿದರೆ? ಸೂಯೆಜ್ ಕಾಲುವೆಯ ಅಧಿಕಾರಿಗಳು ಒಪ್ಪುವಷ್ಟು ಸುರಕ್ಷಿತವಾಗಿ ಕಟ್ಟಿಸಿದ ‘ಮ್ಯೂರೆಕ್ಸ್’ ಹಡಗು ಬಟುಮಿಯಲ್ಲಿ ಎಣ್ಣೆ ತುಂಬಿಕೊಂಡು, ಆ ವರ್ಷ ಆಗಸ್ಟ್ 24ರಂದು ಕಾಲುವೆ ದಾಟಿ ಸಿಂಗಪುರದ ಹಾದಿ ಹಿಡಿಯಿತು. ಸೂಯೆಜ್ ದಾಟಿದ ಮೊದಲ ಎಣ್ಣೆ ಟ್ಯಾಂಕರ್ ಅದು. ಪೂರ್ವದೇಶಗಳಲ್ಲಿ ಮಾತ್ರ ಅನಿರೀಕ್ಷಿತ ತೊಡಕು ಎದುರಾಯಿತು. ಜನರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಿತ್ತು. ಖಾಲಿ ಡಬ್ಬ ನೀರು ತರಲು, ಕಾಳು ತುಂಬಲು, ಸೂರು ಹೊದಿಸಲು ಒದಗುತ್ತಿತ್ತು. ಸ್ಯಾಮ್ಯುಯೆಲ್ ಹಡಗಿನಲ್ಲಿ ತಗಡು ಕಳಿಸಿ, ಅಲ್ಲೇ ಕೆಂಪು ಬಣ್ಣದ ಡಬ್ಬ ಮಾಡಿಸಿ ಮಾರಬೇಕಾಯಿತು. ಅವನ ವ್ಯಾಪಾರವೇ 1897ರಲ್ಲಿ ಶೆಲ್ ಕಂಪನಿಯಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಬಾಕುವಿನಿಂದ ಬಟುಮಿಯವರೆಗೆ 800 ಕಿಲೋಮೀಟರಿಗೂ ಉದ್ದದ ಸೀಮೆಎಣ್ಣೆ ಕೊಳವೆ ಹಾಸಲಾಯಿತು. ಆ ಹೊತ್ತಿನ ಕಥೆಯನ್ನು ಹೇಳುವ ನೊಬೆಲ್ ಸಹೋದರರ ವಸ್ತುಸಂಗ್ರಹಾಲಯ ಬಟುಮಿಯಲ್ಲಿದೆ, ಜನ ಮಾತ್ರ ಅಲ್ಲಿ ಕಡಿಮೆ. ಕೂಲಿಯವರ ಪಾಲಿನ ಕಥೆ ಬೇರೆ. 1902ರಲ್ಲಿ ರಾಥ್‌ಚೈಲ್ಡ್ ಕಾರ್ಖಾನೆಯ ಮುಷ್ಕರನಿರತರ ಮೇಲೆ ಗುಂಡು ಹಾರಿ ಕಾರ್ಮಿಕರು ಸತ್ತರು. ಆ ಮುಷ್ಕರ ಸಂಘಟಿಸಿದವರಲ್ಲಿ ಒಬ್ಬ, ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಸ್ಟಾಲಿನ್.

ಎಣ್ಣೆಯ ಹಿಂದೆಯೇ ಚಹಾ ಬಂತು. ಮಳೆ ಇದೆ, ಇಳಿಜಾರಿದೆ, ಹುಳಿಮಣ್ಣಿದೆ. ರಷ್ಯದ ಚಹಾ ವ್ಯಾಪಾರಿ ಪೊಪೊವ್ 1893ರಲ್ಲಿ ಚೀನಾದಿಂದ ಲಾವ್ ಜುನ್‌ಜೌ ಎಂಬ ಯುವಕನನ್ನು ಸಸಿ, ಬೀಜ, ಕೆಲಸಗಾರರ ಸಮೇತ ಕರೆತಂದ. ಬಟುಮಿಯ ಉತ್ತರಕ್ಕಿರುವ ಚಾಕ್ವಿಯಲ್ಲಿ ಲಾವ್ ತೋಟ ಎಬ್ಬಿಸಿದ, ಕಾರ್ಖಾನೆ ನಡೆಸಿದ, ಸಂಸಾರ ಹೂಡಿ ಮೂರು ದಶಕ ಇಲ್ಲೇ ಬಾಳಿದ. ಬಣ್ಣದ ಛಾಯಾಚಿತ್ರದ ಮುಂಚೂಣಿಗ ಪ್ರೊಕುಡಿನ್-ಗೋರ್ಸ್ಕಿ ಮೊದಲ ಮಹಾಯುದ್ಧಕ್ಕೂ ಮುನ್ನ ಚಾಕ್ವಿಗೆ ಬಂದು ತೆಗೆದ ಚಿತ್ರದಲ್ಲಿ ಲಾವ್ ಚಹಾಗಿಡಗಳ ನಡುವೆ ನಿಂತಿದ್ದಾನೆ. ಇನ್ನೊಂದು ಚಿತ್ರದಲ್ಲಿ ಎಲೆ ಕೀಳುತ್ತಿರುವವರು ಗ್ರೀಕ್ ಹೆಂಗಸರು. ರಷ್ಯದ ಸಾಮ್ರಾಜ್ಯ, ಚೀನೀ ಮೇಸ್ತ್ರಿ, ಗ್ರೀಕ್ ಕೂಲಿಗಳು, ಜಾರ್ಜಿಯದ ಮಣ್ಣು. ಓಣಿಯಲ್ಲಿ ಯಾರೆಲ್ಲ ಬಂದು ಕೂಡಿದರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಚಹಾ ಕಲಿಯಲು 1895ರಲ್ಲಿ ರಷ್ಯದ ತಂಡವೊಂದು ಭಾರತ, ಸಿಲೋನ್, ಚೀನಾ, ಜಪಾನುಗಳನ್ನು ಸುತ್ತಿತು. ಅದರಲ್ಲಿದ್ದ ಸಸ್ಯವಿಜ್ಞಾನಿ ಆಂದ್ರೇ ಕ್ರಾಸ್ನೊವ್ ಮುಂದೆ ಬಟುಮಿಯ ಬಳಿ ಹಸಿರುಭೂಶಿರವೆಂಬ ಕಡಲಂಚಿನ ದಿಣ್ಣೆಯ ಮೇಲೆ ಸಸ್ಯೋದ್ಯಾನ ಕಟ್ಟಿದ. 1912ರ ನವೆಂಬರಿನಲ್ಲಿ ಅದು ತೆರೆಯಿತು. ನೂರು ಹೆಕ್ಟೇರಿಗೂ ಮಿಕ್ಕ ಈ ತೋಟದಲ್ಲಿ ದೇಶದೇಶಗಳ ಗಿಡಗಳಿಗೆ ಬೇರೆಬೇರೆ ಕೇರಿಗಳಿವೆ. ನ್ಯೂಜಿಲೆಂಡಿನ ಮರ ದಾಟಿ ನಡೆದರೆ ಮೆಕ್ಸಿಕೊ, ತಿರುವಿನಾಚೆ ಹಿಮಾಲಯ. ತೋಟ ತೆರೆದ ಎರಡು ವರ್ಷಕ್ಕೆ ಕ್ರಾಸ್ನೊವ್ ತೀರಿಕೊಂಡ. ಅವನ ಆಸೆಯಂತೆ ಅಲ್ಲೇ, ಚಾಕ್ವಿಯ ಕೊಲ್ಲಿ ಕಾಣುವಂತೆ ಸಮಾಧಿ ಮಾಡಿದ್ದಾರೆ. ಸೋವಿಯತ್ ಕಾಲದಲ್ಲಿ ಆ ಇಡೀ ಒಕ್ಕೂಟ ಕುಡಿಯುತ್ತಿದ್ದ ದೇಶೀ ಚಹಾದ ಬಹುಪಾಲು ಜಾರ್ಜಿಯಾದ್ದು. ಇಳುವರಿ ಹೆಚ್ಚಿಸಲು ಯಂತ್ರದಿಂದ ಕೊಯ್ದು, ಕಡ್ಡಿ ಎಲೆ ಬೆರೆಸಿ, ರುಚಿ ಕೆಡಿಸಿಕೊಂಡರು. 1991ರ ನಂತರ ಮಾರುಕಟ್ಟೆಯೂ ಹೋಯಿತು, ತೋಟಗಳು ಕಾಡಾದವು. ಈಗೀಗ ಸಣ್ಣ ಬೆಳೆಗಾರರು ಪಾಳುಬಿದ್ದ ಗಿಡಗಳನ್ನು ಸವರಿ, ಕೈಯಿಂದ ಕಿತ್ತು, ಮತ್ತೆ ಒಳ್ಳೆಯ ಚಹಾ ಮಾಡುತ್ತಿದ್ದಾರೆ.

1921ರ ಮಾರ್ಚ್ ತಿಂಗಳ ಬಟುಮಿಯನ್ನು ಯಾವ ಜಾರ್ಜಿಯನ್ನನೂ ಮರೆಯಲಾರ. ಮೂರು ವರ್ಷ ಸ್ವತಂತ್ರವಾಗಿದ್ದ ಜಾರ್ಜಿಯಾ ಗಣರಾಜ್ಯದ ಮೇಲೆ ಕೆಂಪು ಸೇನೆ ನುಗ್ಗಿ ಬರುತ್ತಿತ್ತು, ದಕ್ಷಿಣದಿಂದ ತುರ್ಕರು ನಗರದೊಳಗೆ ಬಂದಾಗಿತ್ತು. ಸರ್ಕಾರ ಇದೇ ಬಂದರಿನಿಂದ ಹಡಗೇರಿ ದೇಶ ಬಿಟ್ಟಿತು. ಅದಕ್ಕೂ ಕೆಲವು ದಿನ ಮೊದಲು ಫ್ರೆಂಚ್ ಹಡಗೊಂದಕ್ಕೆ 39 ಪೆಟ್ಟಿಗೆಗಳನ್ನು ಏರಿಸಲಾಗಿತ್ತು. ಅವುಗಳಲ್ಲಿ ಇದ್ದದ್ದು ಮಠಗಳ, ವಸ್ತುಸಂಗ್ರಹಾಲಯಗಳ ಚಿನ್ನದ ಪ್ರತಿಮೆ, ಹಸ್ತಪ್ರತಿ, ಆಭರಣ. ಜೊತೆಗೆ ಹೋದವನು ಇತಿಹಾಸಕಾರ ಎಕ್ವ್‌ತಿಮೆ ತಾಕಾಯಿಶ್ವಿಲಿ. ಫ್ರಾನ್ಸಿನಲ್ಲಿ ಬಡತನ ಅವನನ್ನು ಹಿಂಡಿತು, ಕೊಳ್ಳಲು ಮುಂದೆ ಬಂದವರಿದ್ದರು, ಒಂದು ವಸ್ತುವನ್ನೂ ಮಾರಲಿಲ್ಲ. 1945ರಲ್ಲಿ ಅಷ್ಟನ್ನೂ ವಿಮಾನದಲ್ಲಿ ತಾಯ್ನಾಡಿಗೆ ತಂದೊಪ್ಪಿಸಿದ. ಇತ್ತ ಬಟುಮಿಯಲ್ಲಿ ಸರ್ಕಾರವೇ ಇಲ್ಲದ ದೇಶದ ಸೈನಿಕರು ಜನರಲ್ ಮಾಜ್ನಿಯಾಶ್ವಿಲಿಯ ನೇತೃತ್ವದಲ್ಲಿ ಬೀದಿಗಳಲ್ಲಿ ಕಾದು ತುರ್ಕರನ್ನು ಹಿಮ್ಮೆಟ್ಟಿಸಿದರು. ನಗರ ಸೋವಿಯತ್ತರ ಪಾಲಾಯಿತು, ಆದರೂ ಜಾರ್ಜಿಯಾದಲ್ಲೇ ಉಳಿಯಿತು. ಅದೇ ಅಕ್ಟೋಬರಿನ ಕಾರ್ಸ್ ಒಪ್ಪಂದದಲ್ಲಿ ಟರ್ಕಿ ಬಟುಮಿಯ ಮೇಲಿನ ಹಕ್ಕು ಬಿಟ್ಟುಕೊಟ್ಟಿತು. ಇಲ್ಲಿನ ಮುಸ್ಲಿಮರಿಗೆ ಸ್ವಾಯತ್ತತೆ ಸಿಗಬೇಕೆಂಬುದು ಷರತ್ತು. ಅಜಾರಾ ಇಂದಿಗೂ ಸ್ವಾಯತ್ತವಾಗಿರುವುದರ ಮೂಲ ಅಲ್ಲಿದೆ.

ಆ ಗಡಿರೇಖೆ ಸಾರ್ಪಿ ಎಂಬ ಕಡಲಂಚಿನ ಹಳ್ಳಿಯನ್ನು ಎರಡು ಹೋಳು ಮಾಡಿತು. ಹಳ್ಳಿಯವರು ಲಾಜ್ ಜನ, ಅವರದೇ ಬೇರೆ ಮಾತು. ಶುರುವಿನಲ್ಲಿ ಹೇಗೋ ದಾಟಿ ಬರುತ್ತಿದ್ದರು. 1937ರಲ್ಲಿ ಗಡಿ ಪೂರಾ ಮುಚ್ಚಿತು. ತಂಗಿ ಈಚೆ, ಅಕ್ಕ ಆಚೆ, ಕೈಬೀಸಿದರೂ ವಿಚಾರಣೆ. ಮನೆಯಲ್ಲಿ ಸಾವಾದರೆ ಹೆಂಗಸರು ಗಟ್ಟಿಯಾಗಿ ಅಳುವ ಹಾಡಿನಲ್ಲೇ ಸತ್ತವರ ಹೆಸರು ಸೇರಿಸಿ ಆಚೆಯವರಿಗೆ ಸುದ್ದಿ ಮುಟ್ಟಿಸುತ್ತಿದ್ದರೆಂದು ಹಳ್ಳಿಯ ಹಿರಿಯರು ಹೇಳುತ್ತಾರೆ. 1988ರ ಆಗಸ್ಟ್ 31ರಂದು ಗಡಿ ತೆರೆಯಿತು. ಅರ್ಧ ಶತಮಾನದ ನಂತರ ಒಡಹುಟ್ಟಿದವರು ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡಿದರು. ಈಗ ಅಲ್ಲಿ ಬಿಳಿ ಗೋಪುರದ ಆಧುನಿಕ ತಪಾಸಣಾ ಕಟ್ಟಡವಿದೆ, ಲಾರಿಗಳ ಸಾಲು ಮೈಲುಗಟ್ಟಲೆ ನಿಲ್ಲುತ್ತದೆ.

ಇಂದಿನ ಬಟುಮಿ ಆ ತೆರೆದ ಗಡಿಯ ಕೂಸು. ಟರ್ಕಿ 1998ರಲ್ಲಿ ಕ್ಯಾಸಿನೊಗಳನ್ನು ನಿಷೇಧಿಸಿತು; ಜೂಜುಕೋರರು ಗಡಿ ದಾಟಿದರು; ಬಟುಮಿಯಲ್ಲಿ ಕ್ಯಾಸಿನೊ, ಹೋಟೆಲು, ಗೋಪುರಗಳು ಏಳತೊಡಗಿದವು. ಜಾರ್ಜಿಯನ್ ಅಕ್ಷರಗಳನ್ನು ಸುತ್ತಿಕೊಂಡ 130 ಮೀಟರ್ ಎತ್ತರದ ಅಕ್ಷರಗೋಪುರ ಇವುಗಳಲ್ಲಿ ಪ್ರಸಿದ್ಧ. ನಿಜವಾಗಿ ಮನಸ್ಸು ಸೆಳೆಯುವುದು ಅದರ ಬಳಿ ಇರುವ ತಮಾರಾ ಕ್ವೆಸಿತಾಜೆಯ ಉಕ್ಕಿನ ಶಿಲ್ಪ. 1937ರಲ್ಲಿ ಕುರ್ಬಾನ್ ಸಯೀದ್ ಎಂಬ ಗುಪ್ತನಾಮದಲ್ಲಿ ಬಂದ ಕಾದಂಬರಿಯ ಮುಸ್ಲಿಂ ಹುಡುಗ ಅಲಿ, ಕ್ರೈಸ್ತ ಹುಡುಗಿ ನಿನೊ ಇಲ್ಲಿ ಸಂಜೆ ಹೊತ್ತು ಒಬ್ಬರತ್ತ ಒಬ್ಬರು ನಿಧಾನ ಸರಿಯುತ್ತಾರೆ, ಕೂಡುತ್ತಾರೆ, ಒಬ್ಬರೊಳಗಿಂದ ಒಬ್ಬರು ಹಾದು ಬೆನ್ನು ಮಾಡಿ ದೂರಾಗುತ್ತಾರೆ. ಹಳೆಯ ಪೇಟೆಯ ಕೆಲವೇ ಬೀದಿಗಳಲ್ಲಿ 1860ರ ದಶಕದ ಓರ್ತಾ ಮಸೀದಿ, ಸಿನಗಾಗ್, ಅರ್ಮೇನಿಯನ್ ಇಗರ್ಜಿ, ಕ್ಯಾಥೊಲಿಕರು ಕಟ್ಟಿ ಈಗ ಆರ್ಥಡಾಕ್ಸರಿಗೆ ಸೇರಿದ ದೊಡ್ಡ ಚರ್ಚು ಎಲ್ಲವೂ ಇವೆ. ಈ ಒಂದೇ ಮಸೀದಿ ಸಾಲದೆ ಶುಕ್ರವಾರ ಜನ ಬೀದಿಯಲ್ಲಿ ಚಾಪೆ ಹಾಸಿ ನಮಾಜು ಮಾಡುತ್ತಾರೆ; ಎರಡನೆಯದಕ್ಕೆ ಅವರು ಕೇಳಿದ ಅನುಮತಿ ಕೋರ್ಟು ಮೆಟ್ಟಿಲು ಹತ್ತಿತು. ಬಹುಧರ್ಮದ ನಗರವೆಂದು ಪ್ರವಾಸಿ ಕೈಪಿಡಿಗಳು ಹೊಗಳುವ ಊರಿಗೆ ಇದು ಒಪ್ಪುವಂಥದ್ದಲ್ಲ. 1881ರಿಂದ ಬೆಳೆಯುತ್ತ ಬಂದ ಕಡಲಂಚಿನ ಬುಲೆವಾರ್ಡಿನಲ್ಲಿ ಸಂಜೆ ನಡೆಯುವಾಗ ಹಿಂದಿ, ಮಲಯಾಳಂ ಮಾತು ಕಿವಿಗೆ ಬೀಳುವುದುಂಟು. ವೈದ್ಯಕೀಯ ಓದಲು ಭಾರತದ ವಿದ್ಯಾರ್ಥಿಗಳು ಇಲ್ಲಿಗೂ ಬಂದಿದ್ದಾರೆ.

ಊಟದ ವಿಷಯದಲ್ಲಿ ಅಜಾರಾ ಜಿಪುಣತನ ಅರಿಯದು. ದೋಣಿಯಾಕಾರದ ಅಜಾರಾ ಖಚಾಪುರಿ ಒಲೆಯಿಂದ ನೇರವಾಗಿ ಮೇಜಿಗೆ ಬರುತ್ತದೆ. ಹೊಟ್ಟೆಯಲ್ಲಿ ಕುದಿಯುವ ಚೀಸ್, ನಡುವೆ ಹಸಿ ಮೊಟ್ಟೆಯ ಹಳದಿ, ಪಕ್ಕದಲ್ಲಿ ಬೆಣ್ಣೆಯ ತುಂಡು. ಬಿಸಿ ಆರುವ ಮುನ್ನ ಎಲ್ಲವನ್ನೂ ಕಲಸಬೇಕು, ಆಮೇಲೆ ದೋಣಿಯ ತುದಿಯ ಗರಿಮುರಿ ಬ್ರೆಡ್ ಮುರಿದು ಅದರಲ್ಲಿ ಅದ್ದಿ ತಿನ್ನಬೇಕು. ಮೊಟ್ಟೆ ತಿನ್ನದವರು ಮೊದಲೇ ಹೇಳಿದರೆ ಅದಿಲ್ಲದೆಯೂ ಮಾಡಿಕೊಡುತ್ತಾರೆ. ಬೆಟ್ಟದ ಹಳ್ಳಿಗಳಿಗೆ ಹೋದರೆ ಬೊರಾನೊ ಕೇಳಿ ತಿನ್ನಬೇಕು. ಎಳೆಎಳೆಯಾಗುವ ಚೀಸನ್ನು ಕಾಯಿಸಿದ ಬೆಣ್ಣೆಯಲ್ಲಿ ಕರಗಿಸಿ ಬಾಣಲೆ ಸಮೇತ ಮುಂದಿಡುತ್ತಾರೆ. ತುಪ್ಪದ ಘಮ ಬಲ್ಲ ಮೂಗಿಗೆ ಅದು ಪರಕೀಯವೆನಿಸುವುದಿಲ್ಲ.

ಆ ಹಳ್ಳಿಗಳಿಗೆ ದಾರಿ ಬಟುಮಿಯಿಂದ ಅಚಾರಿಸ್‌ತ್ಸ್ಕಾಲಿ ನದಿಯ ಗುಂಟ ಏರುತ್ತದೆ. ಮಖುಂತ್ಸೇತಿಯಲ್ಲಿ ನದಿಗೆ ಅಡ್ಡಲಾಗಿ ಒಂದೇ ಕಮಾನಿನ ಕಲ್ಲುಸೇತುವೆ, ನಡುಗಂಬವಿಲ್ಲದೆ ಮಧ್ಯಯುಗದಿಂದ ನಿಂತಿದೆ. ಮೇಲೆ ಹೋದಂತೆ ಹಳ್ಳಿಗಳಲ್ಲಿ ಮರದ ಮಸೀದಿಗಳು ಕಾಣುತ್ತವೆ. ಹೊರಗಿನಿಂದ ನೋಡಿದರೆ ಎರಡಂತಸ್ತಿನ ಸಾಧಾರಣ ರೈತನ ಮನೆ. ಅಖೊ, ಘೋರ್ಜೋಮಿಯಂಥ ಊರುಗಳ ಮಸೀದಿಯ ಬಾಗಿಲು ದಾಟಿದರೆ ಬೇರೆ ಲೋಕ. ಕಂಬ, ಕಟಕಟೆ, ಛಾವಣಿಯ ಹಲಗೆಗಳ ಮೇಲೆಲ್ಲ ದ್ರಾಕ್ಷಿಬಳ್ಳಿ, ನಕ್ಷತ್ರ, ಹೂಗಳ ಕೆತ್ತನೆ. ಅದಕ್ಕೆ ನೀಲಿ, ಹಸಿರು, ಕೆಂಪು ಬಣ್ಣ. ಕೆತ್ತಿದವರು ಬಹುಪಾಲು ಕರಾವಳಿಯ ಲಾಜ್ ಬಡಗಿಗಳು. ಸೋವಿಯತ್ ಆಡಳಿತ ಇವುಗಳಿಗೆ ಬೀಗ ಹಾಕಿ ದವಸದ ಉಗ್ರಾಣ ಮಾಡಿತು. ಕೆಡವದೆ ಉಗ್ರಾಣ ಮಾಡಿದ್ದರಿಂದಲೇ ಹಲವು ಉಳಿದುಕೊಂಡವು. ಈಗ ಕೆಲವನ್ನು ದುರಸ್ತಿಯ ಹೆಸರಿನಲ್ಲಿ ಕಳಚಿ ಕಾಂಕ್ರೀಟ್ ಕಟ್ಟುತ್ತಿದ್ದಾರೆ. ಹಳ್ಳಿಯವರಿಗೆ ದೊಡ್ಡ, ಬೆಚ್ಚಗಿನ ಮಸೀದಿ ಬೇಕಿರುವುದು ನ್ಯಾಯವೇ. ಹಳೆಯದನ್ನು ಪಕ್ಕದಲ್ಲಿ ಉಳಿಸಿಕೊಳ್ಳಲು ಅವರಿಗೆ ನೆರವು ಸಿಗಬೇಕು.

ಖುಲೊ ಪಟ್ಟಣದಲ್ಲಿ ಆಳವಾದ ಕಮರಿ ಅಡ್ಡ ಬರುತ್ತದೆ. ಆಚೆ ದಡದ ತಾಗೊ ಹಳ್ಳಿಗೆ 1985ರಿಂದ ಕೇಬಲ್ ಕಾರ್ ಓಡುತ್ತಿದೆ. 1,719 ಮೀಟರ್ ದೂರಕ್ಕೆ ನಡುವೆ ಒಂದೂ ಕಂಬವಿಲ್ಲ. ಪ್ರವಾಸಿಗರು ಫೋಟೊ ತೆಗೆಯುವಾಗ ಪಕ್ಕದಲ್ಲಿ ತಾಗೊದ ಅಜ್ಜಿ ಹಿಟ್ಟಿನ ಚೀಲ ಹಿಡಿದು ಕೂತಿರುತ್ತಾಳೆ, ಅವಳಿಗೆ ಇದು ಊರಿನ ಬಸ್ಸು.

ಬೆಟ್ಟ ಕೊಡುವಷ್ಟೇ ಕಿತ್ತುಕೊಳ್ಳುತ್ತದೆ. ಕಡಿದಾದ ಇಳಿಜಾರು, ಬಿಡದ ಮಳೆ, ಕಾಡು ಕಡಿದು ಮಾಡಿದ ಹೊಲ, ಇವು ಸೇರಿದ ಕಡೆ ನೆಲ ಜಾರುತ್ತದೆ. 1989ರ ಏಪ್ರಿಲ್‌ನಲ್ಲಿ ತ್ಸಬ್ಲಾನಾ ಹಳ್ಳಿಯ ಮೇಲೆ ಗುಡ್ಡ ಕುಸಿದು 23 ಮಂದಿ ಸತ್ತರು. ಆ ದಶಕದಲ್ಲೂ ಆಮೇಲೂ ಸಾವಿರಾರು ಕುಟುಂಬಗಳನ್ನು ಜಾರ್ಜಿಯಾದ ಇತರ ಭಾಗಗಳಿಗೆ ಸಾಗಿಸಲಾಗಿದೆ. ಇದೇ ಕಣಿವೆಯ ಶುವಾಖೇವಿ ಜಲವಿದ್ಯುತ್ ಯೋಜನೆಯಲ್ಲಿ ನಮ್ಮ ಟಾಟಾ ಪವರ್ ನಾರ್ವೆಯ ಕಂಪನಿಯ ಜೊತೆ ಪಾಲುದಾರ. 187 ಮೆಗಾವಾಟ್‌ನ ಈ ಯೋಜನೆ 2017ರಲ್ಲಿ ಶುರುವಾದ ಕೆಲವೇ ವಾರಗಳಲ್ಲಿ ನೀರಿನ ಸುರಂಗ ಕುಸಿದು ನಿಂತಿತು, ದುರಸ್ತಿಯಾಗಿ 2020ರಲ್ಲಿ ಮತ್ತೆ ಚಾಲೂ ಆಯಿತು. ಸುರಂಗದ ಸ್ಫೋಟಗಳಿಂದ ಮನೆಗಳು ಬಿರುಕು ಬಿಟ್ಟವೆಂದೂ ಕುಸಿತದ ಭಯ ಹೆಚ್ಚಿತೆಂದೂ ಕೆಲವು ಹಳ್ಳಿಗಳವರು ದೂರು ಕೊಟ್ಟಿದ್ದರು. ಬೆಟ್ಟದ ಹೊಟ್ಟೆ ಕೊರೆಯುವವರು ಅವರ ಮಾತಿಗೆ ಮೊದಲೇ ಕಿವಿಗೊಡಬೇಕಿತ್ತು.

ಖುಲೊದಿಂದ ಮೇಲೆ ದಾರಿ ಫರ್, ಸ್ಪ್ರೂಸ್ ಮರಗಳ ನಡುವೆ ಹತ್ತಿ ಬೆಶುಮಿಯ ಹುಲ್ಲುಗಾವಲಿಗೆ ಬರುತ್ತದೆ. ಬೇಸಿಗೆಯಲ್ಲಿ ದನಕರು ಹೊಡೆದುಕೊಂಡು ಹಳ್ಳಿಗರು ಇಲ್ಲಿಗೆ ಏರುತ್ತಾರೆ. ಆಗಸ್ಟ್ ಮೊದಲ ಶನಿವಾರ ಇಲ್ಲಿ ಶುವಾಮ್ತೋಬಾ ಹಬ್ಬ: ಕುದುರೆ ಪಂದ್ಯ, ಕುಸ್ತಿ, ಹಾಡು, ಕೊಪ್ಪರಿಗೆಗಟ್ಟಲೆ ಅಡುಗೆ. ಅದರಾಚೆ 2,025 ಮೀಟರ್ ಎತ್ತರದ ಗೊಡೆರ್ಜಿ ಕಣಿವೆ ದಾರಿ, ಅಲ್ಲಿಂದ ಇಳಿದರೆ ಅಖಾಲ್ತ್ಸಿಖೆ ಮತ್ತು ಒಣಹವೆಯ ಇನ್ನೊಂದು ಜಾರ್ಜಿಯಾ. ಬೇಸಿಗೆಯ ಪ್ರವಾಸಿ ಬಟುಮಿಯಿಂದ ಹೊರಟು ಈ ದಾರಿಯಲ್ಲೇ ಜಾರ್ಜಿಯಾದ ರಾಜಧಾನಿ ಟಿಬಿಲಿಸಿ ಸೇರಬಹುದು. ರೈಲಿನಲ್ಲಾದರೆ ಸುಮಾರು ಐದು ಗಂಟೆ, ಇಲ್ಲಿ ಇಡೀ ದಿನ ಬೇಕು. ಚಳಿಗಾಲದಲ್ಲಿ ಹಿಮ ಬಿದ್ದು ಗೊಡೆರ್ಜಿ ಮುಚ್ಚಿದರೆ ಖುಲೊದವರಿಗೆ ಹೊರಲೋಕಕ್ಕೆ ಉಳಿಯುವುದು ಕಡಲಿನ ಕಡೆಯ ದಾರಿಯೊಂದೇ.